ಕನ್ನಡ ಕ್ರೈಸ್ತ ಸಾಕ್ಷಿಯ ಆತ್ಮವಿಶ್ವಾಸ: ಹೆಬಿಕ್‌ರಿಂದ ಉತ್ತಂಗಿಯವರೆಗೆ

ಕರ್ನಾಟಕದಲ್ಲಿ ಪ್ರೊಟೆಸ್ಟಂಟ್ ಮಿಷನ್‌ಗಳ ಇತಿಹಾಸವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಹೆಚ್ಚಾಗಿ ಎರಡು ದಿಕ್ಕಿನಲ್ಲಿ ಸಾಗಿವೆ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ, ಶಾಲೆ ಮೊದಲಾದ ಕ್ಷೇತ್ರಗಳಲ್ಲಿ ಮಿಷನರಿಗಳು ಸಲ್ಲಿಸಿದ ಸೇವೆಯನ್ನು ಸ್ಮರಿಸುವುದು ಒಂದು ದಿಕ್ಕು. ಈ ಸೇವೆಯ ಹಿಂದಿದ್ದ ಮತಾಂತರದ ಉದ್ದೇಶವನ್ನೂ ವಸಾಹತು ಆಡಳಿತದೊಡನೆ ಅದಕ್ಕಿದ್ದ ಸಂಬಂಧವನ್ನೂ ವಿಮರ್ಶಿಸುವುದು ಇನ್ನೊಂದು. ಎರಡೂ ಅಗತ್ಯವಾದುವೇ. ಆದರೆ ಇವೆರಡರ ನಡುವೆ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ತನ್ನ ನಂಬಿಕೆಯನ್ನು ಇನ್ನೊಬ್ಬರ ಮುಂದೆ ತೆರೆದಿಡುವ ಧೈರ್ಯ ಈ ಜನರಿಗೆ ಎಲ್ಲಿಂದ ಬಂದಿತು? ಪರದೇಶದಿಂದ ಬಂದವನ ಧೈರ್ಯವೂ ಇದೇ ನೆಲದಲ್ಲಿ ಹುಟ್ಟಿ ಕ್ರೈಸ್ತನಾದ ಕನ್ನಡಿಗನ ಧೈರ್ಯವೂ ಒಂದೇ ಬಗೆಯದೇ? ಪ್ರಸ್ತುತ ಲೇಖನದಲ್ಲಿ ಬಾಸೆಲ್ ಮಿಷನ್ನಿನ ಪರಂಪರೆಯನ್ನು ಆಧರಿಸಿ ಈ ಪ್ರಶ್ನೆಯನ್ನು ವಿವೇಚಿಸಲು ನಾವು ಯತ್ನಿಸಿದ್ದೇವೆ.

1. ಒಂದು ಶಬ್ದದ ವಿಚಾರ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಗುಣವನ್ನು ಸೂಚಿಸಲು ‘ಪಾರ್ರೇಸಿಯ’ ಎಂಬ ಶಬ್ದ ಬಳಕೆಯಾಗಿದೆ. ಅಥೆನ್ಸಿನ ರಾಜಕೀಯ ಜೀವನದಲ್ಲಿ ಇದಕ್ಕೆ ನಾಗರಿಕನು ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡುವುದು ಎಂಬ ಅರ್ಥವಿತ್ತು. ಅದು ಹಕ್ಕುಳ್ಳವನ ಮಾತು. ದಾಸರಿಗೂ ಪರದೇಶಿಗಳಿಗೂ ಸಲ್ಲದ ಮಾತು. ಅಪೊಸ್ತಲರ ಕೃತ್ಯಗಳ ಗ್ರಂಥವು ಇದೇ ಶಬ್ದವನ್ನು ಹಕ್ಕಿಲ್ಲದವರಿಗೆ ಅನ್ವಯಿಸಿತು. ಅದರ ನಾಲ್ಕನೆಯ ಅಧ್ಯಾಯದಲ್ಲಿ ಪೇತ್ರ, ಯೋಹಾನರೆಂಬ ಓದುಬರಹ ಕಲಿಯದ ಬೆಸ್ತರು ಹಿರಿಯರ ಸಭೆಯ ಮುಂದೆ ನಿಂತು ಮಾತನಾಡಿದಾಗ ಸಭೆಗೆ ಆಶ್ಚರ್ಯವಾಗುವುದು ಈ ಗುಣವನ್ನು ಕಂಡೇ. ಗ್ರಂಥದ ಕೊನೆಯ ವಾಕ್ಯದಲ್ಲಿ, ರೋಮ್ ನಗರದಲ್ಲಿ ಕಾವಲಿನಲ್ಲಿದ್ದ ಪೌಲನ ಮಾತಿಗೂ ಇದೇ ಶಬ್ದ ಬಂದಿದೆ.

ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಸಾಮಾನ್ಯವಾಗಿ ‘ಧೈರ್ಯ’ ಎಂಬ ಪದವನ್ನು ಬಳಸಲಾಗಿದೆ. ಧೈರ್ಯವೆಂದಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ಎದೆಗಾರಿಕೆ, ಅಂಜದಿರುವಿಕೆ. ಮೂಲ ಶಬ್ದದಲ್ಲಿರುವ ‘ತೆರೆದ ಮಾತು’ ಎಂಬ ಅಂಶ ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಎದೆಗಾರಿಕೆ ಒಬ್ಬನೇ ಇದ್ದಾಗಲೂ ಇರಬಲ್ಲುದು. ತೆರೆದ ಮಾತಿಗೆ ಕೇಳುವವನೊಬ್ಬ ಬೇಕು, ಅವನ ಭಾಷೆ ಬೇಕು. ಕನ್ನಡ ನಾಡಿನಲ್ಲಿ ಈ ಎರಡು ಅರ್ಥಗಳು ಬೇರೆ ಬೇರೆಯಾಗಿ ನಡೆದು, ಬಹುಕಾಲದ ಮೇಲೆ ಒಂದೆಡೆ ಸೇರಿದುವು ಎಂಬುದು ನಮ್ಮ ಅಭಿಪ್ರಾಯ.

2. ಪರದೇಶಿಯ ಧೈರ್ಯ

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಮಿಷನ್ನಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದಿನಿಂದ. ಅದುವರೆಗೆ ಬ್ರಿಟಿಷೇತರ ಮಿಷನರಿಗಳಿಗೆ ಕಂಪೆನಿಯ ಪ್ರಾಂತಗಳಲ್ಲಿ ನೆಲೆಯೂರಲು ಸುಲಭವಾದ ಅವಕಾಶವಿರಲಿಲ್ಲ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲಪಿದರು. ಮಂಗಳೂರು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು.

ಇವರಲ್ಲಿ ಹೆಬಿಕ್‌ರ ಹೆಸರು ಧೈರ್ಯಕ್ಕೆ ಪರ್ಯಾಯವೆನಿಸಿತು. ಜಾತ್ರೆಗಳ ಜನಜಂಗುಳಿಯ ನಡುವೆ ನಿಂತು ಉಪದೇಶ ಮಾಡುವುದು, ಕಲ್ಲು ಮಣ್ಣು ತೂರಿದರೂ ಕದಲದಿರುವುದು, ಬ್ರಿಟಿಷ್ ಸೇನಾಧಿಕಾರಿಗಳ ಮನೆಗೆ ಕರೆಯದೆ ಹೋಗಿ ಅವರ ಆತ್ಮದ ಗತಿಯನ್ನು ವಿಚಾರಿಸುವುದು ಅವರ ರೀತಿಯಾಗಿತ್ತು. 1841ರಲ್ಲಿ ಕಣ್ಣೂರಿಗೆ ಹೋದ ಮೇಲೆ ಈ ರೀತಿ ಇನ್ನಷ್ಟು ಪ್ರಸಿದ್ಧವಾಯಿತು. ಆದರೆ ಅವರಿಗೆ ದೇಶಭಾಷೆಗಳಲ್ಲಿ ಪ್ರೌಢಿಮೆ ಒದಗಲಿಲ್ಲ. ಅವರ ಮಾತು ಬಹುಮಟ್ಟಿಗೆ ದುಭಾಷಿಯ ಬಾಯಿಂದ ಜನರನ್ನು ಮುಟ್ಟಬೇಕಾಗಿತ್ತು. ಇಲ್ಲಿ ಎದೆಗಾರಿಕೆ ಪೂರ್ಣವಾಗಿತ್ತು, ತೆರೆದ ಮಾತು ಇರಲಿಲ್ಲ. ಬಿಳಿಯ ಮೈಬಣ್ಣದವನ ಮೇಲೆ ಕೈಮಾಡಲು ಜನ ಎರಡು ಬಾರಿ ಯೋಚಿಸುವ ಕಾಲ ಅದು ಎಂಬುದನ್ನೂ ಮರೆಯುವಂತಿಲ್ಲ. ಹೆಬಿಕ್‌ರು ಸರ್ಕಾರದ ಬಲವನ್ನು ನೆಚ್ಚಿ ಮಾತನಾಡಿದರೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಆ ಬಲದ ನೆರಳು ಅವರ ಪಕ್ಕದಲ್ಲಿ ಇತ್ತು. ಪಕ್ಕದಲ್ಲಿ ನಿಂತ ದೇಶೀಯ ದುಭಾಷಿಗೆ ಅದು ಅಷ್ಟಾಗಿ ಇರಲಿಲ್ಲ.

ಭಾಷೆಯ ಅಂತರದ ಜೊತೆಗೆ ತಿಳಿವಳಿಕೆಯ ಅಂತರವೂ ಇತ್ತು. 1839–40ರ ಸುಮಾರಿಗೆ ಹುಬ್ಬಳ್ಳಿ ಧಾರವಾಡ ಪ್ರದೇಶದಲ್ಲಿ ಕಾಲಜ್ಞಾನದ ಪರಂಪರೆಯನ್ನು ನಂಬಿದ್ದ ಕೆಲವು ಜನರು ಮಿಷನರಿಗಳ ಬಳಿಗೆ ಬಂದರು. ತಮ್ಮ ಭವಿಷ್ಯವಾಣಿಗಳಲ್ಲಿ ಹೇಳಿದ ಕಾಲವು ಬಂದಿದೆಯೆಂದೂ ಪಶ್ಚಿಮದಿಂದ ಬಂದ ಈ ಗುರುಗಳಿಗೂ ಅದಕ್ಕೂ ಸಂಬಂಧವಿರಬಹುದೆಂದೂ ಅವರು ಭಾವಿಸಿದ್ದರು. ಸಾವಿರಾರು ಜನ ಸಭೆಗೆ ಸೇರುವರೆಂಬ ಭರವಸೆ ಮಿಷನ್ನಿನಲ್ಲಿ ಮೂಡಿತು. ಗದಗ ಬೆಟಗೇರಿಗೆ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಒಂದು ವಸಾಹತನ್ನೂ ಆರಂಭಿಸಲಾಯಿತು. ನಿರೀಕ್ಷೆ ಫಲಿಸಲಿಲ್ಲ. ಬಂದವರು ತಮ್ಮ ಕಾಲಜ್ಞಾನದ ಅರ್ಥವನ್ನು ಹುಡುಕಿಕೊಂಡು ಬಂದಿದ್ದರು. ಎದುರುಗೊಂಡವರು ತಮ್ಮ ಸುವಾರ್ತೆಯ ಜಯವನ್ನು ಅವರಲ್ಲಿ ಕಂಡರು. ಎರಡು ಕಡೆಯೂ ಮಾತಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿರಲಿಲ್ಲ.

3. ಭಾಷೆಯೊಳಗೆ ಪ್ರವೇಶ

1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್‌ರಿಂದ (1811–1881) ಬೇರೊಂದು ಅಧ್ಯಾಯ ಪ್ರಾರಂಭವಾಗುತ್ತದೆ. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪಾಕ್ಷಿಕವು ಊರಿನ ವರ್ತಮಾನ, ಸರ್ಕಾರದ ನಿರೂಪ, ಪರದೇಶದ ಸುದ್ದಿ ಮೊದಲಾದುವನ್ನು ಜನರಿಗೆ ಒದಗಿಸಿತು. ಮರುವರ್ಷ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು. ಬಳ್ಳಾರಿ ಈ ಹೊತ್ತಿಗಾಗಲೇ ಲಂಡನ್ ಮಿಷನ್ನಿನ ಕೇಂದ್ರವಾಗಿತ್ತು. ಅಲ್ಲಿ ಜಾನ್ ಹ್ಯಾಂಡ್ಸ್‌ರು ಕೈಕೊಂಡ ಬೈಬಲ್ ಅನುವಾದ 1831ರಲ್ಲಿ ಪೂರ್ಣಗೊಂಡಿತ್ತು.

ಮೋಗ್ಲಿಂಗ್‌ರ ಬರವಣಿಗೆಯಲ್ಲಿ ಎರಡು ಧ್ವನಿಗಳಿವೆ. ‘ಜಾತಿವಿಚಾರಣೆ’, ‘ದೇವವಿಚಾರಣೆ’ಗಳಲ್ಲಿ ಕೇಳಿಬರುವುದು ಖಂಡನೆಯ ಧ್ವನಿ. ಆ ಹೆಸರುಗಳಲ್ಲಿರುವ ‘ವಿಚಾರಣೆ’ ಎಂಬ ಪದವೇ ಕಚೇರಿಯ ನೆನಪನ್ನು ತರುತ್ತದೆ: ಕೇಳುವವನು ಕಟಕಟೆಯಲ್ಲಿ, ಹೇಳುವವನು ಪೀಠದ ಮೇಲೆ. ಇನ್ನೊಂದು ಧ್ವನಿ 1848ರಿಂದ 1853ರವರೆಗೆ ಪ್ರಕಟವಾದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿದೆ. ಮದರಾಸು ಆಧಿಪತ್ಯದ ಸೇವೆಯಿಂದ ನಿವೃತ್ತರಾಗಿದ್ದ ನ್ಯಾಯಾಧೀಶ ಕಾಸಮೇಜರ್‌ರ ಧನಸಹಾಯದಿಂದ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಅಚ್ಚಾದುವು. ಯಾವ ಧರ್ಮಗಳನ್ನು ಖಂಡಿಸಬೇಕೆಂದು ಹೊರಟರೋ ಅವುಗಳ ಗ್ರಂಥಗಳನ್ನೇ ಅಚ್ಚು ಹಾಕಿಸುವ ಪ್ರಸಂಗ ಬಂದುದನ್ನು ಕೇವಲ ತಂತ್ರವೆಂದು ತಳ್ಳಿಹಾಕುವುದು ಸುಲಭ. ಜನರ ಮನಸ್ಸನ್ನು ತಿಳಿಯಲು ಅವರ ಸಾಹಿತ್ಯವನ್ನು ತಿಳಿಯಬೇಕೆಂಬ ಪ್ರಯೋಜನದೃಷ್ಟಿ ಅದರಲ್ಲಿ ಇದ್ದುದು ನಿಜವೇ. ಆದರೆ ಓಲೆಗರಿಗಳನ್ನು ಕೂಡಿಸಿ, ಪಾಠವನ್ನು ಹೋಲಿಸಿ, ಅಚ್ಚಿಗೆ ಸಿದ್ಧಪಡಿಸುವ ಕೆಲಸ ವರ್ಷಗಟ್ಟಲೆಯದು. ವರ್ಷಗಟ್ಟಲೆ ಒಂದು ಕಾವ್ಯದ ಸಂಗಡ ಬಾಳಿದವನು ಅದನ್ನು ಕೇವಲ ಎದುರಾಳಿಯ ಮಾತೆಂದು ಓದಲಾರ.

ಫರ್ಡಿನೆಂಡ್ ಕಿಟೆಲ್‌ರಲ್ಲಿ (1832–1903) ಈ ಪ್ರವೃತ್ತಿ ಮತ್ತಷ್ಟು ಬೆಳೆಯಿತು. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ಮಹಾನಿಘಂಟನ್ನು ಹೊರತಂದರು. ಮಿಷನರಿಯ ಕಾಲ ಇಂಥ ವಿದ್ವತ್ತಿನಲ್ಲಿ ಕಳೆಯುವುದು ಅವರ ಸಹೋದ್ಯೋಗಿಗಳೆಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಸಾರುವುದಕ್ಕಾಗಿ ಕಲಿಯುವುದೇ, ಕಲಿಯುವುದರಲ್ಲಿ ಸಾರುವುದು ಮರೆತುಹೋಗುವುದೇ ಎಂಬ ಆತಂಕ ಆ ಕಾಲದ್ದು. ಈ ಆತಂಕದಲ್ಲಿ ಒಂದು ಸತ್ಯವೂ ಇತ್ತು: ಆಳವಾಗಿ ಕೇಳಿಸಿಕೊಂಡವನು ಮೊದಲಿನಂತೆಯೇ ಮಾತನಾಡಲಾರ.

4. ಬೆಲೆ ತೆತ್ತವನ ಮಾತು

ಇದುವರೆಗೆ ನೋಡಿದ್ದು ಹೊರಗಿನಿಂದ ಬಂದವರ ವೃತ್ತಾಂತ. ಅವರ ಉಪದೇಶವನ್ನು ಒಪ್ಪಿಕೊಂಡ ಕನ್ನಡ ನಾಡಿನವನ ಸಮಸ್ಯೆ ಬೇರೆ. ಹೊರಗಿನವನು ನಂಬಿಕೆಯನ್ನು ಸಾರಿದರೆ ಅವನ ತಾಯಿತಂದೆಗಳು ಅಳುವುದಿಲ್ಲ, ನೆಂಟರು ಬಾಗಿಲು ಮುಚ್ಚುವುದಿಲ್ಲ. ಒಳಗಿನವನ ಮಾತು ಬಾಯಿಂದ ಹೊರಡುವ ಮೊದಲೇ ಅವನ ಬಾಳು ಪಣಕ್ಕಿಟ್ಟಾಗಿರುತ್ತದೆ.

ಆನಂದರಾವ್ ಕೌಂಡಿನ್ಯರ ಜೀವನ ಇದಕ್ಕೆ ಸಾಕ್ಷಿ. 1825ರಲ್ಲಿ ಜನಿಸಿದ ಇವರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿನಲ್ಲಿ ದೊಡ್ಡ ಕ್ಷೋಭೆಯಾಯಿತು. ಪತ್ನಿ ಲಕ್ಷ್ಮಿ ಅವರ ಸಂಗಡ ಬರಲಿಲ್ಲ. ಆ ಹೆಣ್ಣುಮಗಳ ಮಾತು ದಾಖಲೆಗಳಲ್ಲಿ ಪ್ರತ್ಯೇಕವಾಗಿ ಕೇಳಿಬರುವುದಿಲ್ಲವಾದರೂ, ಗಂಡ ಜೀವಂತನಿರುವಾಗಲೇ ಅವನನ್ನು ಕಳೆದುಕೊಂಡವಳ ದುಃಖವನ್ನು ಈ ಚರಿತ್ರೆಯ ಲೆಕ್ಕದಿಂದ ಬಿಡಲಾಗದು. ಮತಾಂತರ ಹೊಂದಿದವನಿಗೆ ಆಸ್ತಿಯ ಹಕ್ಕನ್ನು ಭಾರತದಾದ್ಯಂತ ಉಳಿಸಿಕೊಟ್ಟ ಕಾಯಿದೆ ಬಂದದ್ದು 1850ರಲ್ಲಿ. ಕೌಂಡಿನ್ಯರ ದೀಕ್ಷಾಸ್ನಾನಕ್ಕೆ ಆರು ವರ್ಷಗಳ ತರುವಾಯ.

ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ತೆರಳಿ, ಅಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿದರು. ಮಂಗಳೂರಿನಲ್ಲಿ ಮುಂದಿನ ಪೀಳಿಗೆಯ ಉಪದೇಶಿಗಳನ್ನು ತರಬೇತುಗೊಳಿಸುವ ಕೆಲಸದಲ್ಲಿ ಬಹುಕಾಲ ನಿರತರಾಗಿದ್ದು, 1893ರಲ್ಲಿ ನಿಧನರಾದರು. ಅವರ ಬಗೆಗೆ ‘ಲಾಭಕ್ಕಾಗಿ ಮತ ಬಿಟ್ಟವನು’ ಎಂಬ ಆಕ್ಷೇಪ ನಿಲ್ಲುವುದು ಕಷ್ಟ. ಕಳೆದುಕೊಂಡದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅವರ ಸಾಕ್ಷಿಗೆ ಬಲ ಬಂದದ್ದು ಇದರಿಂದಲೇ.

ಆದರೆ ಸಾಮಾನ್ಯ ಕ್ರೈಸ್ತನಿಗೆ ಈ ಬಲವೂ ಇರಲಿಲ್ಲ. ಜಾತಿಯಿಂದ ಹೊರಬಿದ್ದೊಡನೆ ಕುಲಕಸುಬೂ ತಪ್ಪಿಹೋಗುತ್ತಿತ್ತು. ಅಂಥವರ ಜೀವನೋಪಾಯಕ್ಕಾಗಿ ಮಿಷನ್ನು ನೇಯ್ಗೆಯ ಶಾಲೆ, ಮುದ್ರಣಾಲಯ, 1865ರಿಂದ ಹಂಚಿನ ಕಾರ್ಖಾನೆಗಳನ್ನು ನಡೆಸಿತು. ಮಂಗಳೂರು ಹಂಚಿನ ಕೀರ್ತಿ ಲೋಕಪ್ರಸಿದ್ಧವೇ ಆಯಿತು. ಆದರೆ ಮಿಷನ್ನಿನ ಕಾರ್ಖಾನೆಯಲ್ಲಿ ದುಡಿದು, ಮಿಷನ್ನಿನ ಹಿತ್ತಿಲಿನಲ್ಲಿ ವಾಸಿಸಿ, ಮಿಷನ್ನಿನ ಶಾಲೆಗೆ ಮಕ್ಕಳನ್ನು ಕಳುಹಿಸುವವನು ನೆರೆಯ ಹಳ್ಳಿಗೆ ಹೋಗಿ ‘ನನಗೆ ದೊರೆತ ಬೆಳಕು ಇದು’ ಎಂದರೆ, ಕೇಳುವವನು ಆ ಮಾತಿನಲ್ಲಿ ಸಂಬಳದ ಸದ್ದನ್ನು ಹುಡುಕುವುದು ಸಹಜ. ಉಪದೇಶಿಯ ಕೆಲಸವೂ ಸಂಬಳದ ಕೆಲಸವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕನ್ನಡ ಕ್ರೈಸ್ತನ ಮುಂದಿದ್ದ ನಿಜವಾದ ತೊಡಕು ಹೆದರಿಕೆಯಲ್ಲ, ಈ ಸಂಶಯ. ಅವನ ನಂಬಿಕೆ ಅವನದೇ ಎಂದು ಕೇಳುವವನಿಗೆ ತೋರಬೇಕಾಗಿತ್ತು; ಬಹುಶಃ ಅವನಿಗೂ ತೋರಬೇಕಾಗಿತ್ತು.

5. ಆಶ್ರಯ ತಪ್ಪಿದ ಮೇಲೆ

1914ರಲ್ಲಿ ಆರಂಭವಾದ ಮಹಾಯುದ್ಧವು ಈ ಪರಿಸ್ಥಿತಿಯನ್ನು ಅಲುಗಿಸಿತು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಶತ್ರುರಾಷ್ಟ್ರದ ಪ್ರಜೆಗಳೆಂದು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಮಿಷನ್ನಿನ ಉದ್ಯಮಗಳು ಪರರ ವಶವಾದುವು. ಎಂಬತ್ತು ವರ್ಷಗಳ ಆಶ್ರಯ ಕೆಲವೇ ತಿಂಗಳಲ್ಲಿ ಸಡಿಲಿತು. ಸಭೆಗಳ ಭಾರ ಬಹುಮಟ್ಟಿಗೆ ದೇಶೀಯ ಪಾದ್ರಿಗಳ ಹೆಗಲಿಗೆ ಬಂದಿತು. ರಾಷ್ಟ್ರೀಯ ಚಳವಳಿ ಬಲಗೊಳ್ಳುತ್ತಿದ್ದ ಆ ದಿನಗಳಲ್ಲಿ ‘ಇದು ಬಿಳಿಯರ ಮತ’ ಎಂಬ ಆಕ್ಷೇಪವೂ ತೀವ್ರವಾಗಿತ್ತು. ಉತ್ತರ ಹೇಳಲು ಬಿಳಿಯರು ಅಲ್ಲಿರಲಿಲ್ಲ. ಹೇಳಬೇಕಾದವನು ಕನ್ನಡಿಗನೇ.

ಉತ್ತಂಗಿ ಚನ್ನಪ್ಪನವರು (1881–1962) ಈ ಸಂದರ್ಭದಲ್ಲಿ ಎದ್ದು ಕಾಣುತ್ತಾರೆ. ಧಾರವಾಡದಲ್ಲಿ ಹುಟ್ಟಿದ ಅವರ ಪೂರ್ವಿಕರು ಲಿಂಗಾಯತರು. ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಗಳಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ ಸಲ್ಲಿಸಿದರು. 1921ರಲ್ಲಿ ಅವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಪ್ರಕಟವಾಯಿತು. ಈ ಹೆಸರನ್ನು ಮೋಗ್ಲಿಂಗ್‌ರ ‘ವಿಚಾರಣೆ’ಗಳ ಪಕ್ಕದಲ್ಲಿಟ್ಟು ನೋಡಿದರೆ ಎಂಬತ್ತು ವರ್ಷಗಳ ಅಂತರ ಒಂದೇ ಪದದಲ್ಲಿ ತಿಳಿಯುತ್ತದೆ. ವಿಚಾರಣೆ ಮಾಡುವವನು ಮೇಲೆ ಕುಳಿತಿರುತ್ತಾನೆ. ವಿನಂತಿ ಮಾಡುವವನು ಎದುರಿಗೆ ನಿಂತಿರುತ್ತಾನೆ. ಒಪ್ಪುವ, ಒಪ್ಪದಿರುವ ಸ್ವಾತಂತ್ರ್ಯ ಕೇಳುವವನದು. ವಿನಂತಿ ಅಂಜಿಕೆಯ ಮಾತಲ್ಲ. ಬನಾರಸವೆಂದರೆ ಭಾರತದ ಜ್ಞಾನಪರಂಪರೆಯ ಪೀಠ. ಬೆತ್ಲೆಹೇಮೆಂದರೆ ದನದ ಕೊಟ್ಟಿಗೆಯ ಹಳ್ಳಿ. ಆ ಪೀಠಕ್ಕೆ ಈ ಹಳ್ಳಿ ನೇರವಾಗಿ ವಿನಂತಿಸಿಕೊಳ್ಳಬಲ್ಲದು ಎಂಬುದರಲ್ಲೇ ಧೈರ್ಯವಿದೆ.

ಇದಾದ ಮೂರು ವರ್ಷಗಳಲ್ಲಿ, 1924ರಲ್ಲಿ, ಅವರ ‘ಸರ್ವಜ್ಞ ವಚನಗಳು’ ಹೊರಬಂದಿತು. ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿದ ಸುಮಾರು 2000 ತ್ರಿಪದಿಗಳ ಈ ಸಂಕಲನದಿಂದ ಸರ್ವಜ್ಞ ಆಧುನಿಕ ಕನ್ನಡ ಓದುಗರ ಕೈಗೆ ಬಂದನು. ಪಾದ್ರಿಯೊಬ್ಬರು ತಮ್ಮ ವೃತ್ತಿಯ ನಿಮಿತ್ತ ಹಳ್ಳಿಗಳಲ್ಲಿ ತಿರುಗುತ್ತ, ಹೇಳಲು ಹೋದಲ್ಲಿ ಕೇಳಿ ಬರೆದುಕೊಂಡು ಬಂದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸಂದದ್ದು ಈ ತಿರುಗಾಟಕ್ಕೆ ಒಪ್ಪುವಂತಿದೆ. ತಿರುಕನು ಬೇಡುವವನು, ಕೊಡಲು ಬಂದವನು ಬೇಡುವವನೂ ಆದುದು ಇಲ್ಲಿಯ ವಿಶೇಷ.

ಮುಂದೆ ಅವರ ಅಧ್ಯಯನ ಶರಣ ಸಾಹಿತ್ಯದ ಕಡೆಗೆ ಬೆಳೆಯಿತು. ಅನುಭವ ಮಂಟಪವು ಕಲ್ಪನೆಯೆಂಬ ವಾದ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ 1951ರಲ್ಲಿ ಗ್ರಂಥ ಬರೆದವರು ಈ ಕ್ರೈಸ್ತ ಪಾದ್ರಿ. ಅವರ ತೀರ್ಮಾನಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಸಿದ್ಧರಾಮ, ಮೋಳಿಗೆ ಮಾರಯ್ಯ, ಆದಯ್ಯ ಮೊದಲಾದ ಶರಣರ ವಚನಗಳನ್ನೂ ಅವರು ಸಂಪಾದಿಸಿದರು. ಇಂಥ ಬಾಳಿಗೆ ಎರಡೂ ಕಡೆಯ ಸಂಶಯ ತಪ್ಪಲಿಲ್ಲ. ಪಾದ್ರಿ ಶರಣರ ಕಡೆಗೆ ವಾಲಿದರೆಂದು ಕೆಲವರಿಗೂ, ಶರಣರ ಮಾತಿನ ಮರೆಯಲ್ಲಿ ಕ್ರಿಸ್ತನನ್ನು ತರುತ್ತಿದ್ದಾರೆಂದು ಇನ್ನು ಕೆಲವರಿಗೂ ಅನಿಸಿರಬೇಕು. ಅವರು ಎರಡನ್ನೂ ಬಿಡಲಿಲ್ಲ. ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರು, ಶರಣರನ್ನು ಪ್ರೀತಿಸುತ್ತಲೇ ಇದ್ದರು.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಕಲಬುರ್ಗಿ ಆಗ ಹೈದರಾಬಾದು ರಾಜ್ಯದಲ್ಲಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷ ತುಂಬಿರಲಿಲ್ಲ. ಧರ್ಮದ ಹೆಸರಿನಲ್ಲಿ ನೋವುಂಡ ಆ ಪ್ರದೇಶದಲ್ಲಿ, ಅಲ್ಪಸಂಖ್ಯಾತ ಮತಕ್ಕೆ ಸೇರಿದವರೊಬ್ಬರು ಕನ್ನಡದ ಅಧ್ಯಕ್ಷಪೀಠದಲ್ಲಿ ಕುಳಿತರು. ಹೆಬಿಕ್‌ರಿಗೆ ದುಭಾಷಿ ಬೇಕಾಗಿತ್ತು. ಉತ್ತಂಗಿಯವರನ್ನು ನಾಡು ತನ್ನ ಪರವಾಗಿ ಮಾತನಾಡಲು ಕರೆಯಿತು.

6. ನೆರೆಯ ನಿದರ್ಶನ

ಈ ಬೆಳವಣಿಗೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಧಾರವಾಡ ಸೇರಿದ್ದ ಮುಂಬಯಿ ಆಧಿಪತ್ಯದಲ್ಲೇ, ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು (1861–1919) ಇದೇ ಹಾದಿಯಲ್ಲಿ ನಡೆದರು. 1895ರಲ್ಲಿ ಕ್ರೈಸ್ತರಾದ ಈ ಕವಿ, ವಾರಕರಿ ಸಂತರ ಅಭಂಗ ಕೀರ್ತನಗಳ ಮಾರ್ಗದಲ್ಲಿ ಕ್ರಿಸ್ತನನ್ನು ಹಾಡಿದರು. ಅವರು ಅಪೂರ್ಣವಾಗಿ ಬಿಟ್ಟ ‘ಕ್ರಿಸ್ತಾಯನ’ವನ್ನು ಪತ್ನಿ ಲಕ್ಷ್ಮೀಬಾಯಿ ಪೂರ್ಣಗೊಳಿಸಿದರು. ಮೊದಲು ಪತಿಯ ಮತಾಂತರದಿಂದ ಬೇರೆಯಾಗಿದ್ದು, ತಾವಾಗಿಯೇ ಯೋಚಿಸಿ ಬಳಿಕ ಆ ನಂಬಿಕೆಗೆ ಬಂದ ಆಕೆಯ ‘ಸ್ಮೃತಿಚಿತ್ರೆ’ ಮರಾಠಿ ಆತ್ಮಕಥೆಗಳಲ್ಲಿ ಮೇಲ್ಪಂಕ್ತಿಯದು. ಮಂಗಳೂರಿನ ಲಕ್ಷ್ಮಿಯ ಮೌನದ ಎದುರಿಗೆ ಈ ಲಕ್ಷ್ಮಿಯ ಮಾತನ್ನಿಟ್ಟು ಓದುವುದು ಮುಂದಿನ ಸಂಶೋಧಕರು ಕೈಕೊಳ್ಳಬೇಕಾದ ಕೆಲಸವೆಂದು ನಮಗೆ ತೋರುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕನ್ನಡ ನಾಡಿನಲ್ಲಿ ಕ್ರೈಸ್ತ ಸಾಕ್ಷಿಗೆ ಮೊದಲು ಒದಗಿದ ಧೈರ್ಯವು ವ್ಯಕ್ತಿಯ ಉತ್ಸಾಹದಿಂದ ಬಂದದ್ದು. ಅದು ಪ್ರಾಮಾಣಿಕವಾಗಿತ್ತಾದರೂ ಕೇಳುವವನನ್ನು ಅರಿತಿರಲಿಲ್ಲ. ಭಾಷೆ ಮತ್ತು ಸಾಹಿತ್ಯಗಳ ಅಧ್ಯಯನವು ಆ ಅರಿವನ್ನು ಕೊಟ್ಟಿತು. ಒಳಗಿನವರು ತೆತ್ತ ಬೆಲೆ ಮಾತಿಗೆ ತೂಕ ತಂದಿತು. ಆದರೆ ಪರರ ಆಶ್ರಯದಲ್ಲಿ ನಿಂತಿರುವವರೆಗೆ ಆ ಮಾತು ಪೂರ್ತಿಯಾಗಿ ಅವರದೆನಿಸಲಿಲ್ಲ. ಆಶ್ರಯ ತಪ್ಪಿದಾಗ, ತಮ್ಮದೇ ಜನರ ನುಡಿಯಲ್ಲಿ ಬೇರೂರಿದವರು ಮಾತ್ರ ನಿಲ್ಲಬಲ್ಲವರಾದರು. ನೆರೆಯವನ ಸತ್ಯಕ್ಕೆ ಕಿವಿಗೊಟ್ಟರೆ ತನ್ನ ನಂಬಿಕೆ ಕರಗುವುದೆಂಬ ಭಯ ಉತ್ತಂಗಿಯವರಿಗೆ ಇರಲಿಲ್ಲ. ಅವರ ಆತ್ಮವಿಶ್ವಾಸದ ಗುಟ್ಟು ಇದೇ ಎಂದು ನಾವು ಭಾವಿಸುತ್ತೇವೆ.

ಇಂದು ಮುಂಬೈ, ಪುಣೆಗಳಂಥ ನಗರಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಕ್ರೈಸ್ತ ಸಭೆಗಳಿವೆ. ಅವು ಭಾಷೆಯಿಂದಲೂ ಮತದಿಂದಲೂ ಎರಡು ಬಗೆಯಲ್ಲಿ ಅಲ್ಪಸಂಖ್ಯಾತರ ಸಭೆಗಳು. ಅಲ್ಲಿಯ ಮಕ್ಕಳಿಗೆ ಕನ್ನಡ ಓದು ತಪ್ಪಿದರೆ, ಕೌಂಡಿನ್ಯ, ಉತ್ತಂಗಿಯರ ಸಾಕ್ಷಿಯೂ ಅವರಿಗೆ ತಪ್ಪಿಹೋಗುತ್ತದೆ. ಹೊರನಾಡಿನ ಕನ್ನಡ ಅಧ್ಯಯನವು ಈ ಸಭೆಗಳ ದಾಖಲೆಗಳನ್ನು, ಹಿರಿಯರ ನೆನಪುಗಳನ್ನು ಸಂಗ್ರಹಿಸುವ ಕಾರ್ಯವನ್ನು ಬೇಗನೆ ಕೈಗೆತ್ತಿಕೊಳ್ಳಬೇಕಾಗಿದೆ.